ಕೈ ಬಿಟ್ಟರೂ ಸಾಗುವ ಆಟ: ಗಲ್ಲಾ ಪಕ್ಕದ ಮೊಬೈಲ್‌ನಲ್ಲಿ ನಡೆಯುತ್ತಿರುವುದೇನು?

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಪೇಟೆಯಲ್ಲಿ ಒಂದೆರಡು ತಾಸು ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಕೆಲವು ಅಂಗಡಿಗಳ ಗಲ್ಲಾ ಮೇಲೆ, ಸೌಂಡ್‌ಬಾಕ್ಸ್‌ಗೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಒಂದು ವಿಚಿತ್ರ ಆಟ ಓಡ್ತಾ ಇರುತ್ತೆ. ಕಪ್ಪು ತೆರೆಯ ನಡುವೆ ಒಂದು ಪುಟ್ಟ ಟವರ್. ಸುತ್ತಲಿಂದ ಬಣ್ಣದ ಚೌಕ, ತ್ರಿಕೋನಗಳು ಅದರ ಕಡೆಗೆ ನುಗ್ಗುತ್ತವೆ. ಟವರ್ ತಾನಾಗೇ ಗುಂಡು ಹಾರಿಸುತ್ತೆ, ಅವು ಸಿಡಿದು ಹೋಗುತ್ತವೆ. ಮೊಬೈಲನ್ನು ಯಾರೂ ಮುಟ್ಟುತ್ತಿಲ್ಲ. ಯಜಮಾನರು ಲೆಕ್ಕ ಬರೀತಿದ್ದಾರೆ, ಆಟ ಅದರ ಪಾಡಿಗೆ ನಡೀತಿದೆ.

ಇದಕ್ಕೆ ‘ಐಡಲ್ ಟವರ್ ಡಿಫೆನ್ಸ್’ ಅಂತ ಹೆಸರು. ಐಡಲ್ ಅಂದರೆ ಸುಮ್ಮನಿರೋದು. ಟವರ್ ಡಿಫೆನ್ಸ್ ಅಂದರೆ ಟವರ್ ಕಾಯೋದು (ನೆಟ್‌ವರ್ಕ್ ಕೊಡುವ ಟವರ್ ಅಲ್ಲ, ಕಾವಲು ಗೋಪುರ). ಈ ಬಗೆಯ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಟೆಕ್ ಟ್ರೀ ಗೇಮ್ಸ್ ಕಂಪನಿಯ ‘ದಿ ಟವರ್’. ಡೌನ್‌ಲೋಡ್ ಉಚಿತ, ಆಡುವುದೂ ಉಚಿತ. ಹಾಗಾದರೆ ಕಂಪನಿಗೆ ದುಡ್ಡು ಎಲ್ಲಿಂದ? ವ್ಯಾಪಾರ ಮಾಡುವವರಿಗೆ ಸಹಜವಾಗಿ ಬರುವ ಪ್ರಶ್ನೆ ಇದು. ಉತ್ತರ ಆಟದ ಒಳಗಿನ ಲೆಕ್ಕದಲ್ಲೇ ಇದೆ.

ಎರಡು ಆಟ ಸೇರಿ ಒಂದಾದದ್ದು

ಹೊಲದಲ್ಲಿ ಅಟ್ಟಣೆ ಕಟ್ಟಿ ಹಂದಿ ಕಾಯುವವರಿಗೆ ಟವರ್ ಡಿಫೆನ್ಸ್ ವಿವರಿಸೋದು ಬೇಕಾಗಿಲ್ಲ. ನುಗ್ಗಿ ಬರೋದನ್ನು ಇದ್ದಲ್ಲಿಂದಲೇ ತಡೆಯಬೇಕು, ಅಷ್ಟೇ. ವಿಡಿಯೊ ಗೇಮ್‌ನಲ್ಲಿ ಇದರ ಬೇರು 1990ರಲ್ಲಿ ಅಟಾರಿ ತಂದ ‘ರಾಂಪಾರ್ಟ್’ ತನಕ ಹೋಗುತ್ತೆ. ಆಮೇಲೆ 2007ರಲ್ಲಿ ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ಆಡಬಹುದಾದ ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಬಂತು. ಆಫೀಸುಗಳಲ್ಲಿ ಕೆಲಸ ಬಿಟ್ಟು ಇದನ್ನು ಆಡಿದವರು ಬಹಳ. 2009ರಲ್ಲಿ ಬಂದ ‘ಪ್ಲಾಂಟ್ಸ್ ವರ್ಸಸ್ ಜೊಂಬೀಸ್’ ಅನ್ನು ಸೈಬರ್ ಸೆಂಟರ್ ಕಾಲದ ಹುಡುಗರು ನೆನಪಿಟ್ಟಿರಬಹುದು. ಅಂಗಳದಲ್ಲಿ ಗಿಡ ನೆಟ್ಟು ಜೊಂಬಿಗಳನ್ನು ತಡೆಯುವ ಆಟ ಅದು.

ಇನ್ನೊಂದು ಕಡೆ, ‘ಐಡಲ್’ ಆಟಗಳ ಕಥೆ ಬೇರೆ. ಅದರಲ್ಲಿ ಒಂದು ತಮಾಷೆಯ ಪ್ರಸಂಗ ಇದೆ. 2010ರಲ್ಲಿ ಅಮೆರಿಕದ ಪ್ರೊಫೆಸರ್ ಇಯಾನ್ ಬೊಗೊಸ್ಟ್ ಅವರು ಫೇಸ್‌ಬುಕ್‌ನಲ್ಲಿ ‘ಕೌ ಕ್ಲಿಕ್ಕರ್’ ಅನ್ನೋ ಆಟ ಬಿಟ್ಟರು. ತೆರೆಯ ಮೇಲೆ ಒಂದು ಹಸು. ಅದನ್ನು ಒಮ್ಮೆ ಒತ್ತಬೇಕು. ಮತ್ತೆ ಒತ್ತಬೇಕು ಅಂದರೆ ಆರು ಗಂಟೆ ಕಾಯಬೇಕು. ಕಾಯೋಕೆ ಆಗಲ್ವಾ? ದುಡ್ಡು ಕೊಡಿ. ಆಗಿನ ಫೇಸ್‌ಬುಕ್ ಆಟಗಳನ್ನು ಗೇಲಿ ಮಾಡೋಕೆ ಅಂತಲೇ ಅವರು ಮಾಡಿದ್ದು. ಆದರೆ ಜನ ಅದನ್ನು ನಿಜವಾಗಿಯೂ ಆಡತೊಡಗಿದರು, ದುಡ್ಡೂ ಕೊಟ್ಟರು. ಗೇಲಿ ಮಾಡಲು ಹೋದವರೇ ಬೆರಗಾದರು. ಕಾಯುವಿಕೆಯನ್ನೇ ಸರಕು ಮಾಡಿ ಮಾರಬಹುದು ಅನ್ನೋದು ಆ ಹಸುವಿನಿಂದ ಚೆನ್ನಾಗಿ ಗೊತ್ತಾಯಿತು.

2013ರಲ್ಲಿ ಫ್ರಾನ್ಸ್‌ನ ಜೂಲಿಯನ್ ತಿಯೆನೊ ಮಾಡಿದ ‘ಕುಕ್ಕಿ ಕ್ಲಿಕ್ಕರ್’ ಬಂತು. ಬಿಸ್ಕತ್ತು ಒತ್ತಿ ಬಿಸ್ಕತ್ತು ಗಳಿಸೋದು, ಗಳಿಸಿದ್ದರಲ್ಲಿ ಯಂತ್ರ ಕೊಳ್ಳೋದು, ಯಂತ್ರ ತಾನಾಗೇ ಬಿಸ್ಕತ್ತು ಮಾಡೋದು. ಇಂದಿನ ಐಡಲ್ ಆಟಗಳ ಲೆಕ್ಕಾಚಾರದ ಮಾದರಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ದರ ಏರುವ ರೀತಿ ನೋಡಿ

ಕುಕ್ಕಿ ಕ್ಲಿಕ್ಕರ್‌ನ ಮೊದಲ ಯಂತ್ರದ ಬೆಲೆ 15 ಬಿಸ್ಕತ್ತು. ಒಂದು ಕೊಂಡ ಕೂಡಲೇ ಮುಂದಿನದರ ಬೆಲೆ ಶೇ. 15ರಷ್ಟು ಏರುತ್ತೆ. ಮೇಲ್ನೋಟಕ್ಕೆ ಇದು ಏನೂ ಅಲ್ಲ. ಆದರೆ ಹತ್ತು ಯಂತ್ರ ಕೊಂಡ ಮೇಲೆ ಮುಂದಿನದಕ್ಕೆ ಸುಮಾರು 61 ಆಗುತ್ತೆ. ಐವತ್ತು ಆದ ಮೇಲೆ 16 ಸಾವಿರ ದಾಟುತ್ತೆ. ನೂರು ಕೊಂಡ ಮೇಲೆ ಮುಂದಿನ ಒಂದಕ್ಕೆ ಸುಮಾರು 1 ಕೋಟಿ 76 ಲಕ್ಷ!

ಚಕ್ರಬಡ್ಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಬಡ್ಡಿಗೆ ಬಡ್ಡಿ ಸೇರಿದರೆ ಸಾಲ ಹೇಗೆ ಬೆಳೆಯುತ್ತೋ, ಇಲ್ಲಿ ಬೆಲೆ ಹಾಗೇ ಬೆಳೆಯುತ್ತೆ. ಗಳಿಕೆಯೂ ಏರುತ್ತೆ ನಿಜ, ಆದರೆ ಬೆಲೆಯ ಓಟಕ್ಕೆ ಅದು ಹೆಚ್ಚು ದಿನ ಸಾಟಿಯಾಗಲ್ಲ. ಮೊದಲ ದಿನ ನಿಮಿಷಕ್ಕೊಂದು ಅಪ್‌ಗ್ರೇಡ್ ಸಿಗುತ್ತೆ, ಖುಷಿ. ಮೊದಲ ವಾರ ಗಂಟೆಗೊಂದು. ಆಮೇಲೆ ದಿನಕ್ಕೊಂದು, ವಾರಕ್ಕೊಂದು. ಆಡುವವರಿಗೆ ತಾವು ಮುಂದೆ ಹೋಗುತ್ತಿದ್ದೇವೆ ಅನಿಸುತ್ತೆ, ಯಾಕಂದರೆ ತೆರೆಯ ಮೇಲಿನ ಅಂಕಿ ದೊಡ್ಡದಾಗುತ್ತಲೇ ಇರುತ್ತೆ. ಆದರೆ ಕಾಯುವ ಹೊತ್ತು ಅದಕ್ಕಿಂತ ಬೇಗ ದೊಡ್ಡದಾಗುತ್ತಿರುತ್ತೆ. ಎಲ್ಲ ಐಡಲ್ ಆಟಗಳಲ್ಲೂ ಶೇ. 15 ಅಂತ ಅಲ್ಲ. ಏರಿಕೆಯ ದರ ಬೇರೆ ಬೇರೆ ಇರಬಹುದು, ಏರುವ ರೀತಿ ಮಾತ್ರ ಇದೇ ಜಾತಿಯದು.

ಅಂಕಿಗಳ ಬಗ್ಗೆ ಒಂದು ಮಾತು. ಈ ಆಟಗಳಲ್ಲಿ ಸಂಖ್ಯೆಯ ಪಕ್ಕ ಕೆ, ಎಂ, ಬಿ, ಟಿ ಅಂತ ಅಕ್ಷರ ಬರುತ್ತೆ. ಕೆ ಅಂದರೆ ಸಾವಿರ, ಎಂ ಅಂದರೆ 10 ಲಕ್ಷ, ಬಿ ಅಂದರೆ 100 ಕೋಟಿ, ಟಿ ಅಂದರೆ 1 ಲಕ್ಷ ಕೋಟಿ. ಹೋಟೆಲ್ ಬಿಲ್ ಬರೆಯುತ್ತಾ ಕೂತವರ ಮೊಬೈಲ್‌ನಲ್ಲಿ ರಾಜ್ಯ ಬಜೆಟ್‌ಗಿಂತ ದೊಡ್ಡ ಮೊತ್ತ ಇರೋದು ಹೀಗೆ!

‘ದಿ ಟವರ್’ ಒಳಗೆ ಏನಿದೆ?

ಈ ಆಟದಲ್ಲಿ ಟವರ್‌ಗೆ ಮೂರು ಬಗೆಯ ಅಪ್‌ಗ್ರೇಡ್ ಇವೆ. ಒಂದು ದಾಳಿ, ಅಂದರೆ ಗುಂಡಿನ ಬಲ, ವೇಗ, ಎಷ್ಟು ದೂರ ಹೊಡೆಯಬಲ್ಲದು ಅನ್ನೋದು. ಎರಡನೆಯದು ರಕ್ಷಣೆ, ಅಂದರೆ ಟವರ್‌ನ ಆಯುಷ್ಯ, ಏಟು ತಡೆಯುವ ಶಕ್ತಿ. ಮೂರನೆಯದು ಸಂಪಾದನೆಗೆ ಸಂಬಂಧಪಟ್ಟದ್ದು. ಹೊಸಬರು ಬಹುತೇಕ ಮೊದಲನೆಯದರ ಮೇಲೆ ಎಲ್ಲ ಸುರೀತಾರೆ. ಪಳಗಿದವರು ಮೂರನೆಯದರಿಂದ ಶುರು ಮಾಡ್ತಾರೆ. ಅಂಗಡಿ ಇಟ್ಟವರಿಗೆ ಇದರ ತರ್ಕ ಬೇಗ ಹೊಳೆಯುತ್ತೆ.

ಹಣವೂ ಒಂದೇ ಬಗೆಯದಲ್ಲ. ಆಟ ನಡೆಯುವಾಗ ಶತ್ರು ಸತ್ತಂತೆಲ್ಲ ಸಿಗುವ ‘ಕ್ಯಾಶ್’ ಆ ಸುತ್ತಿಗೆ ಮಾತ್ರ. ಟವರ್ ಬಿತ್ತು ಅಂದರೆ ಅದು ಪೂರ್ತಿ ಹೋಯಿತು. ‘ಕಾಯಿನ್’ ಮಾತ್ರ ಉಳಿಯುತ್ತೆ. ಅದರಲ್ಲಿ ಕೊಂಡ ಅಪ್‌ಗ್ರೇಡ್ ಮುಂದಿನ ಎಲ್ಲ ಸುತ್ತಿಗೂ ಖಾಯಂ. ಒಂದು ದಿನದ ಗಲ್ಲಾ, ಇನ್ನೊಂದು ಬಂಡವಾಳ. ಖರ್ಚು ಮಾಡದೆ ಇಟ್ಟುಕೊಂಡ ಕ್ಯಾಶ್ ಮೇಲೆ ಪ್ರತಿ ಅಲೆಗೂ ಬಡ್ಡಿ ಸೇರುವ ಅಪ್‌ಗ್ರೇಡ್ ಕೂಡ ಈ ಆಟದಲ್ಲಿ ಇದೆ. ಈಗಲೇ ಖರ್ಚು ಮಾಡಿ ಬಲ ಹೆಚ್ಚಿಸೋದಾ, ಬಡ್ಡಿಗೆ ಬಿಡೋದಾ? ಆಟದ ನಿಜವಾದ ರುಚಿ ಇಂಥ ಲೆಕ್ಕದಲ್ಲಿದೆ. ಅದನ್ನು ಅಲ್ಲಗಳೆಯೋಕಾಗಲ್ಲ.

ಗೆಲುವು ಅನ್ನೋದು ಮಾತ್ರ ಇಲ್ಲ. ಅಲೆ ಮೇಲೆ ಅಲೆ ಬರುತ್ತಲೇ ಇರುತ್ತೆ, ಪ್ರತಿ ಅಲೆಯೂ ಹಿಂದಿನದಕ್ಕಿಂತ ಬಲ. ಟವರ್ ಯಾವತ್ತಿದ್ದರೂ ಬೀಳುತ್ತೆ. ಎಷ್ಟು ಹೊತ್ತು ನಿಂತಿತು, ಎಷ್ಟು ಕಾಯಿನ್ ಬಂತು ಅನ್ನೋದಷ್ಟೇ ಫಲ.

ಇದರ ಜೊತೆಗೆ ‘ಲ್ಯಾಬ್’ ಇದೆ. ಇಲ್ಲಿ ಸಂಶೋಧನೆಗೆ ಹಚ್ಚಿದರೆ ಗಡಿಯಾರದ ಪ್ರಕಾರ ನಿಜವಾದ ಗಂಟೆ, ದಿನಗಳೇ ಹಿಡಿಯುತ್ತೆ. ಆಟ ಮುಚ್ಚಿಟ್ಟರೂ ಆ ಕೆಲಸ ನಡೀತಿರುತ್ತೆ. ಬೇಗ ಮುಗಿಸಬೇಕಾ? ‘ಜೆಮ್’ ಕೊಡಬೇಕು. ಒಮ್ಮೆಗೆ ಇನ್ನೊಂದು ಲ್ಯಾಬ್ ನಡೆಸಬೇಕಾ? ಅದಕ್ಕೂ ಜೆಮ್. ಆಡುತ್ತಾ ಹೋದರೆ ಜೆಮ್ ಸ್ವಲ್ಪ ಸ್ವಲ್ಪ ಸಿಗುತ್ತೆ. ಜಾಹೀರಾತು ನೋಡಿದರೆ ಸ್ವಲ್ಪ ಸಿಗುತ್ತೆ. ರೂಪಾಯಿ ಕೊಟ್ಟರೆ ಒಟ್ಟಿಗೇ ಸಿಗುತ್ತೆ. ಕೌ ಕ್ಲಿಕ್ಕರ್‌ನ ಆರು ಗಂಟೆಯ ಹಸು ಇಲ್ಲಿ ಬೇರೆ ವೇಷದಲ್ಲಿ ನಿಂತಿದೆ.

‘ಸುಮ್ಮನಿರುವ ಆಟ’ ಅನ್ನೋ ಹೆಸರೂ ಅರ್ಧ ಮಾತ್ರ ಸರಿ. ಆಗಾಗ ಒಂದು ಜೆಮ್ ಟವರ್ ಸುತ್ತ ತೇಲುತ್ತಾ ಬರುತ್ತೆ. ಬೆರಳಿಟ್ಟು ಮುಟ್ಟಿದರಷ್ಟೇ ಅದು ಸಿಗೋದು. ವಾರಕ್ಕೆ ಎರಡು ಸಲ ಟೂರ್ನಮೆಂಟ್ ಬೇರೆ. ಹೀಗಾಗಿ ಆಟವನ್ನು ಅದರ ಪಾಡಿಗೆ ಬಿಟ್ಟವರ ಕಣ್ಣು ಕೂಡ ಐದು ನಿಮಿಷಕ್ಕೊಮ್ಮೆ ಅತ್ತ ಹೊರಳುತ್ತೆ. ಗಿರಾಕಿ ‘ಅಣ್ಣಾ, ಅರ್ಧ ಕೇಜಿ ಸಕ್ಕರೆ’ ಅಂತ ಎರಡನೇ ಸಲ ಹೇಳಬೇಕಾಗಿ ಬರೋದು ಇಂಥ ಹೊತ್ತಿನಲ್ಲೇ.

ಮೂವತ್ತು ಸೆಕೆಂಡಿನ ಲೆಕ್ಕ

ದುಡ್ಡು ಕೊಡದೆ ಆಡುವವರು ಜಾಹೀರಾತಿನ ಮೂಲಕ ಕೊಡ್ತಾರೆ. ಒಂದು ಜಾಹೀರಾತು 30 ಸೆಕೆಂಡ್, ದಿನಕ್ಕೆ 20 ನೋಡಿದರು ಅಂತಿಟ್ಟುಕೊಳ್ಳಿ. ದಿನಕ್ಕೆ 10 ನಿಮಿಷ, ತಿಂಗಳಿಗೆ 5 ಗಂಟೆ. ಜೊತೆಗೆ ದಿನದ ಡೇಟಾ ಪ್ಯಾಕ್‌ನ ಒಂದು ಪಾಲು. ಸಂಜೆ ಹೊತ್ತಿಗೆ ಡೇಟಾ ಮುಗಿದು ಕ್ಯೂಆರ್ ಪೇಮೆಂಟ್ ಬಂತೋ ಇಲ್ಲವೋ ಅಂತ ಆ್ಯಪ್ ತೆರೆದು ನೋಡಲು ಪರದಾಡುವುದು ಯಾರಿಗೂ ಬೇಡ.

ಜಾಹೀರಾತು ಮುಚ್ಚುವ ಗುರುತು ಮೂಲೆಯಲ್ಲಿ ಬಹಳ ಸಣ್ಣದಾಗಿ ಇರುತ್ತೆ. ಕೆಲವೊಮ್ಮೆ ಅದನ್ನು ಒತ್ತಿದರೂ ನೇರ ಪ್ಲೇ ಸ್ಟೋರ್‌ಗೆ ಹೋಗುತ್ತೆ. ಹಾಗೆ ಹೋದರೆ ಗಾಬರಿ ಬೇಡ, ಹಿಂದಕ್ಕೆ ಬಂದರಾಯಿತು. ಆದರೆ ಅಲ್ಲಿ ಕಾಣುವ ಸಾಲದ ಆ್ಯಪ್ ಆಗಲಿ, ‘ಆಡಿ ಹಣ ಗೆಲ್ಲಿ’ ಅನ್ನುವ ಆ್ಯಪ್ ಆಗಲಿ ಇನ್‌ಸ್ಟಾಲ್ ಮಾಡಬಾರದು.

ರೂಪಾಯಿ ಕೊಡುವವರ ವಿಷಯಕ್ಕೆ ಬಂದರೆ, ಇಲ್ಲೊಂದು ಜಾಣತನ ಇದೆ. ನೇರ ರೂಪಾಯಿಗೆ ವಸ್ತು ಮಾರುವ ಬದಲು ರೂಪಾಯಿಗೆ ಜೆಮ್, ಜೆಮ್‌ಗೆ ವಸ್ತು. ಮಧ್ಯೆ ಒಂದು ಮೆಟ್ಟಿಲು ಹಾಕಿದ ಕೂಡಲೇ ಇಷ್ಟಕ್ಕೆ ಎಷ್ಟು ರೂಪಾಯಿ ಆಯಿತು ಅನ್ನೋದು ಮನಸ್ಸಿಗೆ ತಟ್ಟಲ್ಲ. ಬೇಕಾದ್ದಕ್ಕೆ ಸರಿಯಾಗಿ ಜೆಮ್ ಕೊಳ್ಳೋಕೂ ಆಗಲ್ಲ, ಗಂಟಿನಲ್ಲೇ ಕೊಳ್ಳಬೇಕು. ಉಳಿದದ್ದು ಅಲ್ಲೇ ಇರುತ್ತೆ, ಮತ್ತೆ ಬರುವಂತೆ ಮಾಡುತ್ತೆ. ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಿದ್ದ ಕಾಲ ನೆನಪಿರುವವರಿಗೆ ಈ ಉಪಾಯದ ಪರಿಚಯ ಇದ್ದೇ ಇದೆ.

ವಾರಕ್ಕೊಮ್ಮೆ 199 ರೂಪಾಯಿ ಅಂದರೆ ಚಹಾ ಖರ್ಚಿನಷ್ಟೇ ಅನಿಸಬಹುದು. 52 ವಾರಕ್ಕೆ ಲೆಕ್ಕ ಹಾಕಿದರೆ 10,348 ರೂಪಾಯಿ. ಸಣ್ಣ ಅಂಗಡಿಗೆ ಇದು ಒಂದು ಲೋಡ್ ಮಾಲಿನ ಮುಂಗಡ. ಕೊಂಡ ಜೆಮ್ ವಾಪಸ್ ಮಾರಲು ಬರಲ್ಲ, ಯಾರಿಗೂ ಕೊಡಲೂ ಬರಲ್ಲ. ಮನರಂಜನೆಗೆ ಖರ್ಚು ಮಾಡಿದ್ದು ಅಂತ ತಿಳಿದೇ ಕೊಟ್ಟರೆ ತಪ್ಪೇನಿಲ್ಲ, ಸಿನಿಮಾ ಟಿಕೆಟ್ ಕೂಡ ವಾಪಸ್ ಬರಲ್ಲ. ತೊಂದರೆ ಬರೋದು ಲೆಕ್ಕ ತಪ್ಪಿದಾಗ.

ಇದು ಜೂಜಾ? ನಿಷೇಧ ಆಗಿದೆಯಾ?

ಹಲವರು ಕೇಳುವ ಪ್ರಶ್ನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಅದು ತಡೆದಿರೋದು ಹಣ ಕಟ್ಟಿ, ಹಣ ಗೆಲ್ಲುವ ಆಸೆಯಲ್ಲಿ ಆಡುವ ಆಟಗಳನ್ನು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ.

ಐಡಲ್ ಟವರ್ ಡಿಫೆನ್ಸ್‌ನಲ್ಲಿ ಹಣ ಗೆಲ್ಲೋ ಮಾತೇ ಇಲ್ಲ. ಕೊಟ್ಟ ದುಡ್ಡು ಹೋಗುತ್ತೆ, ವಾಪಸ್ ಬರೋದು ಆಟದೊಳಗಿನ ನಾಣ್ಯ ಮಾತ್ರ. ಹಾಗಾಗಿ ಇದು ಹಣದ ಆಟದ ಸಾಲಿಗೆ ಸೇರಲ್ಲ. ಯಾರಾದರೂ ‘ಈ ಟವರ್ ಆಟದಲ್ಲಿ ಗೆದ್ದ ಕಾಯಿನ್ ಬ್ಯಾಂಕಿಗೆ ಹಾಕ್ತೀವಿ’ ಅಂತ ಲಿಂಕ್ ಕಳಿಸಿದರೆ ಅದು ಮೋಸ ಅಂತಲೇ ತಿಳಿಯಬೇಕು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಒಂದೇ ಮೊಬೈಲ್ ಅನ್ನೋದೇ ತೊಡಕು

ತಾಲೂಕು ಪೇಟೆಯ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ ವಿಷಯ ಇದು. ಆಟ ಆಡುವ ಮೊಬೈಲ್, ಯುಪಿಐ ಬರುವ ಮೊಬೈಲ್, ಬ್ಯಾಂಕಿನ ಒಟಿಪಿ ಬರುವ ಮೊಬೈಲ್, ಸಗಟು ಅಂಗಡಿಗೆ ಆರ್ಡರ್ ಹಾಕುವ ಮೊಬೈಲ್, ಸಂಜೆ ಮಗುವಿನ ಕೈಗೆ ಹೋಗುವ ಮೊಬೈಲ್, ಎಲ್ಲ ಒಂದೇ.

ಮೊದಲನೆಯದಾಗಿ, ‘ಮಾಡ್ ಎಪಿಕೆ’ ಸಹವಾಸ ಬೇಡವೇ ಬೇಡ. ‘ಲೆಕ್ಕವಿಲ್ಲದಷ್ಟು ಜೆಮ್ ಫ್ರೀ’ ಅಂತ ಪ್ಲೇ ಸ್ಟೋರ್ ಹೊರಗಿನಿಂದ ಸಿಗುವ ಫೈಲ್‌ಗಳಿವು. ಮೂಲ ಆಟವನ್ನು ಯಾರೋ ಬಿಚ್ಚಿ ಮತ್ತೆ ಜೋಡಿಸಿದ್ದು. ಒಳಗೆ ಇನ್ನೇನು ಸೇರಿಸಿದ್ದಾರೆ ಅಂತ ನೋಡಿ ಹೇಳೋಕೆ ಸಾಮಾನ್ಯರಿಗೆ ಸಾಧ್ಯವಿಲ್ಲ. ಎಸ್‌ಎಂಎಸ್ ಓದಲು ಅಥವಾ ಆ್ಯಕ್ಸೆಸಿಬಿಲಿಟಿಗೆ ಅನುಮತಿ ಕೇಳಿದರೆ, ಕೊಟ್ಟರೆ, ಒಟಿಪಿ ಇನ್ನೊಬ್ಬರ ಕೈಗೆ ಸಿಕ್ಕಂತೆ. ಟವರ್ ಆಟಕ್ಕೆ ಎಸ್‌ಎಂಎಸ್ ಯಾಕೆ ಬೇಕು?

ಎರಡನೆಯದು ಅಷ್ಟಾಗಿ ಯಾರ ಗಮನಕ್ಕೂ ಬರದ ವಿಷಯ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ‘ಗೇಮ್ ಮೋಡ್’ ಅಂತ ಇದೆ. ಆಟ ತೆರೆದಾಗ ಅಡ್ಡಿ ಆಗದಿರಲಿ ಅಂತ ನೋಟಿಫಿಕೇಶನ್, ಕೆಲವೊಮ್ಮೆ ಕರೆಯನ್ನೂ ಅದು ತಡೆದು ಹಿಡಿಯುತ್ತೆ. ಸೌಂಡ್‌ಬಾಕ್ಸ್ ಇದ್ದವರಿಗೆ ಚಿಂತೆ ಕಡಿಮೆ. ಇಲ್ಲದವರಿಗೆ ‘ದುಡ್ಡು ಹಾಕಿದೀನಿ’ ಅಂತ ಗಿರಾಕಿ ಹೇಳಿ ಹೊರಟರೂ ಮೆಸೇಜ್ ಕಾಣಲ್ಲ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹುಡುಕಿ ಈ ತಡೆ ತೆಗೆದಿಡೋದು ಒಳ್ಳೆಯದು.

ಇನ್ನು ಬ್ಯಾಟರಿ. ಹೆಚ್ಚು ಕಾಯಿನ್ ಆಸೆಗೆ ಇಡೀ ದಿನ ಆಟ ತೆರೆದಿಟ್ಟು, ಚಾರ್ಜರ್‌ಗೂ ಹಾಕಿಡೋರು ಇದ್ದಾರೆ. ಬಿಸಿಲಿಗೆ ಬಿದ್ದ ಗಲ್ಲಾ ಮೇಲೆ, ಚಾರ್ಜ್ ಆಗುತ್ತಾ, ತೆರೆ ಉರಿಯುತ್ತಾ ಇದ್ದರೆ ಫೋನ್ ಬಿಸಿಯಾಗುತ್ತೆ. ಬಿಸಿಯೇ ಬ್ಯಾಟರಿಯ ಆಯುಷ್ಯ ತಿನ್ನೋದು. ಹಿಂಬದಿ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡೋದು ನಿಲ್ಲಿಸಿ ರಿಪೇರಿ ಅಂಗಡಿಗೆ ಒಯ್ಯಬೇಕು. ಅಮೋಲೆಡ್ ತೆರೆಯ ಫೋನ್‌ನಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಅದರ ನೆರಳು ತೆರೆಯಲ್ಲೇ ಅಚ್ಚಾಗಬಹುದು.

ಮಗು ಕೈಗೆ ಕೊಡುವ ಮುನ್ನ

ಪ್ಲೇ ಸ್ಟೋರ್‌ನಲ್ಲಿ ಮೇಲಿನ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡುವ ಆಯ್ಕೆ ಸಿಗುತ್ತೆ. ಇದನ್ನು ಹಾಕಿಡಲು ಎರಡು ನಿಮಿಷ ಸಾಕು. ಮಗುವಿನ ಬೆರಳಚ್ಚು ಅದೇ ಫೋನ್‌ನಲ್ಲಿ ಸೇರಿಸಿದ್ದರೆ ಮಾತ್ರ ಈ ಬೀಗ ಇದ್ದೂ ಇಲ್ಲದಂತೆ. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವ ಮನೆಗಳು ಕಡಿಮೆಯೇನಲ್ಲ. ಅಂಗಡಿಗೆ ಹೋದ ಅಪ್ಪ ‘ನೀನೇ ಕಳಿಸಪ್ಪಾ’ ಅಂತ ಪಿನ್ ಹೇಳಿಕೊಟ್ಟಿದ್ದರೆ, ಅದನ್ನು ಬದಲಿಸುವುದು ಲೇಸು.

ಚಂದಾ ರೂಪದ ಪ್ಯಾಕ್‌ಗಳಲ್ಲಿ ಇನ್ನೊಂದು ಗುಂಡಿ ಇದೆ. ಯುಪಿಐ ಆಟೊಪೇಗೆ ಒಮ್ಮೆ ಪಿನ್ ಹಾಕಿ ಒಪ್ಪಿದರೆ, ಮುಂದಿನ ಕಂತುಗಳು 15,000 ರೂಪಾಯಿವರೆಗೆ ಪಿನ್ ಕೇಳದೆಯೇ ಕಡಿತ ಆಗಬಹುದು. ಬೇಜಾರಾಗಿ ಆಟ ಡಿಲೀಟ್ ಮಾಡಿದರೆ ಚಂದಾ ನಿಲ್ಲಲ್ಲ! ಪ್ಲೇ ಸ್ಟೋರ್‌ನ ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಶನ್ಸ್ ವಿಭಾಗದಲ್ಲಿ ಹೋಗಿ ರದ್ದು ಮಾಡಬೇಕು. ಪೇಮೆಂಟ್ ಆ್ಯಪ್‌ನ ಆಟೊಪೇ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ, ಮರೆತುಹೋದ ಬೇರೆ ಚಂದಾಗಳೂ ಅಲ್ಲಿ ಸಿಕ್ಕಾವು.

ತಪ್ಪಿ ಖರೀದಿ ಆಗಿದ್ದರೆ 48 ಗಂಟೆ ಒಳಗೆ ಗೂಗಲ್ ಪ್ಲೇನಲ್ಲೇ ರೀಫಂಡ್ ಕೇಳಬಹುದು. ಕೇಳಿದವರಿಗೆಲ್ಲ ಸಿಗುತ್ತೆ ಅಂತಲ್ಲ, ಆದರೆ ಕೇಳದೆ ಇದ್ದರೆ ಸಿಗಲ್ಲ. ಅವಧಿ ಮೀರಿದರೆ ಆಟದ ಕಂಪನಿಗೇ ಬರೀಬೇಕಾಗುತ್ತೆ.

ಆಡುವುದೇ ಚಟ ಅಂತ ಹೇಳೋಕಾಗಲ್ಲ. ದಿನದ ಕೆಲಸದ ನಡುವೆ ನಾಲ್ಕು ಸಲ ನೋಡಿ ಇಡುವವರಿಗೆ ಇದು ಬಹುತೇಕ ನಿರುಪದ್ರವಿ. ನಿದ್ದೆ ಕೆಡುವುದು, ಮನೆಯವರ ಹತ್ತಿರ ಖರ್ಚು ಮುಚ್ಚಿಡೋದು, ಬಿಡಬೇಕು ಅಂದರೂ ಬಿಡೋಕಾಗದಿರೋದು ಕಂಡರೆ ಮಾತ್ರ ಬೇರೆ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನೋದೂ ಈಗ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗೋಕೆ ಆಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ ಸರಿ.